ಕಲಾ ಕಾಲೇಜಿನಲ್ಲಿ ಬಣ್ಣಕ್ಕೊಂದು ಜಾಗ

ನಮ್ಮ ಕಾಲೇಜಿನ ಬಾಗಿಲ ಮೇಲೆ ‘ಸರ್ಕಾರಿ ಕಲಾ ಕಾಲೇಜು’ ಎಂದು ದಪ್ಪಕ್ಷರಗಳಲ್ಲಿ ಬರೆದಿದೆ. ಮೂರು ವರ್ಷಗಳಿಂದ ದಿನಕ್ಕೆರಡು ಬಾರಿ ಆ ಹಲಗೆಯ ಕೆಳಗೆ ನಡೆದಾಡಿರುವ ನನಗೆ ಮೊದಲನೆಯ ವರ್ಷದಲ್ಲಿಯೇ ಒಂದು ಸಂದೇಹ ಹುಟ್ಟಿತು. ಒಳಗೆ ಇತಿಹಾಸವಿದೆ, ಅರ್ಥಶಾಸ್ತ್ರವಿದೆ, ರಾಜ್ಯಶಾಸ್ತ್ರ ಸಮಾಜಶಾಸ್ತ್ರಗಳಿವೆ, ಕನ್ನಡ ಇಂಗ್ಲಿಷುಗಳಿವೆ, ಕಲೆ ಎಲ್ಲಿದೆ? ಈ ಸಂದೇಹವನ್ನು ಸಹಪಾಠಿಯೊಬ್ಬನಲ್ಲಿ ತೋಡಿಕೊಂಡಾಗ ಅವನು ಬಿದ್ದು ಬಿದ್ದು ನಕ್ಕು, “ಇದು ಆರ್ಟ್ಸ್ ಕಣಯ್ಯಾ, ಆರ್ಟ್ ಅಲ್ಲ” ಎಂದನು. ಬಾಲಕ್ಕೆ ಅಂಟಿದ ಒಂದು ‘ಸ್’ ಅಕ್ಷರದಿಂದ ಇಷ್ಟು ದೊಡ್ಡ ವ್ಯತ್ಯಾಸವಾದೀತೆಂದು ನಾನು ತಿಳಿದಿರಲಿಲ್ಲ. ಆ ನಗೆಯಲ್ಲಿ ನಾನೂ ಸೇರಿಕೊಂಡೆನಾದರೂ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಕಾಲೇಜು ಬಿಡುವ ಮುನ್ನ ಅದನ್ನು ಪೂಜ್ಯ ಅಧ್ಯಾಪಕರ ಮತ್ತು ಸಹಪಾಠಿ ಮಿತ್ರರ ಮುಂದಿಟ್ಟು ಹೋಗಬೇಕೆಂಬುದೇ ಈ ಲೇಖನದ ಉದ್ದೇಶ. ನಾನು ಚಿತ್ರಕಲೆಯ ಪಂಡಿತನಲ್ಲ. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಣ್ಣದಲ್ಲಿ ಆಡುವುದು ಮಕ್ಕಳ ಕೆಲಸ, ಇಲ್ಲವೆ ಹೊಟ್ಟೆ ತುಂಬಿದವರ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನನ್ನ ಅಭಿಪ್ರಾಯದಲ್ಲಿ ಇದು ತಪ್ಪು. ಬಣ್ಣದ ಆಟ ಗಂಭೀರವಾದ ಕೆಲಸ. ಬಡವರ ಮನೆಗಳಿಂದ ಬಂದ ನಮಗೆ ಅದು ಇತರರಿಗಿಂತ ಹೆಚ್ಚು ಬೇಕು. ಆದುದರಿಂದ ನಮ್ಮ ಕಾಲೇಜಿನಲ್ಲಿ ಅದಕ್ಕೊಂದು ಜಾಗವಿರಬೇಕು.

ನಾನು ಬಣ್ಣದ ಡಬ್ಬಿಗಳ ನಡುವೆ ಬೆಳೆದವನು. ನನ್ನ ತಂದೆ ಮಧುಗಿರಿಯಲ್ಲಿ ಬೋರ್ಡು ಬರೆಯುತ್ತಿದ್ದರು. ಏಳನೆಯ ತರಗತಿಗೆ ಓದು ನಿಲ್ಲಿಸಿದ ಅವರು ಅಕ್ಷರವನ್ನು ಓದಿ ಬದುಕಿದವರಲ್ಲ, ಬರೆದು ಬದುಕಿದವರು. ದಿನಸಿ ಅಂಗಡಿ, ಹೋಟೆಲು, ಕ್ಷೌರದಂಗಡಿ, ಗೊಬ್ಬರದ ಮಳಿಗೆ, ಲಾರಿಯ ಹಿಂಬದಿ, ಚುನಾವಣೆ ಬಂದರೆ ಗೋಡೆ, ಜಾತ್ರೆ ಬಂದರೆ ತೇರಿನ ಗಾಲಿ, ಎಲ್ಲವೂ ಅವರಿಗೆ ಹಾಳೆಗಳೇ. ಸಂಕ್ರಾಂತಿಯ ಹಿಂದಿನ ದಿನ ನೆಂಟರಿಷ್ಟರ ಎತ್ತುಗಳ ಕೊಂಬುಗಳೂ ಅವರ ಮುಂದೆ ಸಾಲಾಗಿ ನಿಲ್ಲುತ್ತಿದ್ದವು. ಯಾವ ಕಲಾಶಾಲೆಯ ಮೆಟ್ಟಿಲನ್ನೂ ಹತ್ತದ ಅವರಿಗೆ ಒಂದು ಶಾಸ್ತ್ರ ಗೊತ್ತಿತ್ತು. ಸುಣ್ಣದ ಪುಡಿ ಸವರಿದ ದಾರವನ್ನು ಎರಡು ತುದಿಗೆ ಬಿಗಿದು ನಡುವೆ ಚಿಮ್ಮಿಸಿದರೆ ನೇರವಾದ ಗೆರೆ ಬೀಳುತ್ತಿತ್ತು. ಬಸ್ಸಿನಲ್ಲಿ ಹೋಗುವವನಿಗೂ ಕಾಣಬೇಕಾದರೆ ಕಪ್ಪಿನ ಮೇಲೆ ಹಳದಿ. ಕೆಂಪಕ್ಷರ ಉರಿಯಬೇಕಾದರೆ ಅದರ ಪಕ್ಕದಲ್ಲಿ ಹಸಿರಿನ ಒಂದೆಳೆ. ಅಕ್ಷರ ಹಲಗೆಯಿಂದ ಎದ್ದು ಬರಬೇಕಾದರೆ ಮಗ್ಗುಲಲ್ಲೊಂದು ನೆರಳು. ಕೆಂಪು ಹಸಿರುಗಳು ಒಂದರ ಪಕ್ಕ ಒಂದು ನಿಂತಾಗ ಎರಡೂ ಹೆಚ್ಚು ಹೊಳೆಯುವುವೆಂಬುದನ್ನು ೧೮೩೯ರಲ್ಲಿ ಷೆವ್ರಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನು ದೊಡ್ಡ ಗ್ರಂಥದಲ್ಲಿ ವಿವರಿಸಿದನೆಂದು ನಾನು ಈಚೆಗೆ ಓದಿದೆ. ನನ್ನ ತಂದೆಗೆ ಆತನ ಹೆಸರು ಗೊತ್ತಿಲ್ಲ, ವಿಷಯ ಗೊತ್ತಿತ್ತು.

ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ ನಮ್ಮ ಊರಿಗೆ ಫ್ಲೆಕ್ಸ್ ಬಂದಿತು. ಯಂತ್ರವು ಒಂದು ಗಂಟೆಯಲ್ಲಿ ಮುದ್ರಿಸಿ ಕೊಡುವಾಗ, ಎರಡು ದಿನ ಏಣಿಯ ಮೇಲೆ ನಿಂತು ಬರೆಯುವವನಿಗೆ ಕೂಲಿ ಕೊಡುವವರಾರು? ೨೦೧೬ರಲ್ಲಿ ರಾಜ್ಯ ಸರ್ಕಾರವು ಪ್ಲಾಸ್ಟಿಕ್ ಸಾಮಾನುಗಳನ್ನು ನಿಷೇಧಿಸಿದಾಗ ಫ್ಲೆಕ್ಸನ್ನೂ ಆ ಪಟ್ಟಿಯಲ್ಲಿ ಸೇರಿಸಿತು. ಅಂದು ಸಂಜೆ ತಂದೆ ಕುಂಚಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿಟ್ಟರು. ಕರೆಯಲು ಯಾರೂ ಬರಲಿಲ್ಲ. ಇಂದಿಗೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕರಲ್ಲಿ ಯಾವ ವೃತ್ತದಲ್ಲಿ ನಿಂತರೂ ಫ್ಲೆಕ್ಸಿನೊಳಗಿಂದ ಯಾರಾದರೊಬ್ಬರು ಕೈಮುಗಿಯುತ್ತಲೇ ಇರುತ್ತಾರೆ. ತಂದೆ ಈಗ ದಿನಗೂಲಿಗೆ ಹೊಸ ಕಟ್ಟಡಗಳಿಗೆ ರೋಲರಿನಿಂದ ಬಣ್ಣ ಬಳಿಯುತ್ತಾರೆ. ಬಣ್ಣ ಅವರನ್ನು ಬಿಡಲಿಲ್ಲ, ಆಟ ಬಿಟ್ಟುಹೋಯಿತು.

ಇಂಥ ಮನೆಯಲ್ಲಿ ಮಗನು ಚಿತ್ರ ಬರೆಯುತ್ತ ಕುಳಿತರೆ ತಂದೆಗೆ ಸಂತೋಷವಾಗುವುದಿಲ್ಲ, ಭಯವಾಗುತ್ತದೆ. “ನಿನ್ನ ಕೈಗೆ ಪೆನ್ನು ಕೊಟ್ಟದ್ದು ಕುಂಚ ಬಿಡಲಿ ಅಂತ” ಎಂದು ಅವರು ಒಮ್ಮೆ ಹೇಳಿದರು. ನಮ್ಮ ಮನೆತನದಲ್ಲಿ ಪದವಿಯ ತರಗತಿಗೆ ಬಂದವನು ನಾನೇ ಮೊದಲಿಗನು. ಆ ಮಾತಿನ ತೂಕವೇನೆಂಬುದನ್ನು ನನ್ನಂಥ ಮನೆಗಳಿಂದ ಬಂದ ಮಿತ್ರರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಈ ಬರೆಹವನ್ನು ಓದುವಾಗ, ತಂದೆಯ ಆ ಮಾತಿಗೆ ನಾನು ಉತ್ತರ ಹುಡುಕುತ್ತಿದ್ದೇನೆಂದು ತಿಳಿದರೂ ತಪ್ಪಾಗದು.

ಎರಡನೆಯ ವರ್ಷದಲ್ಲಿ ನಮ್ಮ ಪುಸ್ತಕಭಂಡಾರದ ಕೊನೆಯ ಬೀರುವಿನಲ್ಲಿ ಪಾಶ್ಚಾತ್ಯ ಚಿತ್ರಕಲೆಯನ್ನು ಕುರಿತ ಪುಸ್ತಕವೊಂದು ಕೈಗೆ ಸಿಕ್ಕಿತು. ಅದರಲ್ಲಿ ಡಚ್ ಚಿತ್ರಕಾರ ಕಾರೆಲ್ ಆಪೆಲ್ ಎಂಬಾತನ ಚಿತ್ರಗಳಿದ್ದವು. ದೊಡ್ಡ ದೊಡ್ಡ ಕಣ್ಣಿನ ಮಕ್ಕಳು, ಹಕ್ಕಿಯೋ ಬೆಕ್ಕೋ ಹೇಳಲಾಗದ ಪ್ರಾಣಿಗಳು, ಕೆಂಪು ಹಳದಿ ನೀಲಿಗಳ ಗದ್ದಲ. ಪಕ್ಕದಲ್ಲಿ ಕುಳಿತಿದ್ದ ಗೆಳೆಯನಿಗೆ ತೋರಿಸಿದೆ. “ನನ್ನ ತಂಗಿ ಇದಕ್ಕಿಂತ ಚೆನ್ನಾಗಿ ಬರೆಯುತ್ತಾಳೆ” ಎಂದನು. ಪ್ರಪಂಚದಲ್ಲೆಲ್ಲ ಆಪೆಲನ ಚಿತ್ರಗಳನ್ನು ನೋಡಿದವರು ಹೇಳುವ ಮೊದಲ ಮಾತು ಇದೇ ಇದ್ದೀತು. ವಿಚಿತ್ರವೆಂದರೆ ಆಪೆಲನಿಗೆ ಈ ಮಾತಿನಿಂದ ಅವಮಾನವಾಗುವಂತಿರಲಿಲ್ಲ. ಮಕ್ಕಳಂತೆ ಬರೆಯಬೇಕೆಂಬುದೇ ಅವನ ಮತ್ತು ಅವನ ಸಂಗಡಿಗರ ಹಟವಾಗಿತ್ತು.

ಆತನು ೧೯೨೧ರಲ್ಲಿ ಆಂಸ್ಟರ್‌ಡ್ಯಾಂ ನಗರದಲ್ಲಿ ಹುಟ್ಟಿದನು. ತಂದೆ ಕ್ಷೌರಿಕ. ಮಗ ಚಿತ್ರಕಾರನಾಗುವುದು ಮನೆಯವರಿಗೆ ಬೇಕಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿಯ ಕಲಾಶಾಲೆಯಲ್ಲಿ ಕಲಿತು, ೧೯೪೮ರಲ್ಲಿ ಗೆಳೆಯರೊಡನೆ ‘ಕೋಬ್ರ’ ಎಂಬ ಕೂಟ ಕಟ್ಟಿದನು. ಕೋಪನ್‌ಹೇಗನ್, ಬ್ರಸೆಲ್ಸ್, ಆಂಸ್ಟರ್‌ಡ್ಯಾಂ ಈ ಮೂರು ಊರುಗಳ ಮೊದಲಕ್ಷರಗಳಿಂದ ಆದ ಹೆಸರು ಅದು. ಕೂಟ ಬಾಳಿದ್ದು ಮೂರೇ ವರ್ಷ. ಆಪೆಲ್ ಬರೆದದ್ದು ೨೦೦೬ರಲ್ಲಿ ತೀರಿಕೊಳ್ಳುವವರೆಗೆ. ಯುದ್ಧದಿಂದ ಸುಟ್ಟುಹೋದ ಯೂರೋಪಿನಲ್ಲಿ ದೊಡ್ಡವರ ಬುದ್ಧಿವಂತಿಕೆಯ ಫಲವನ್ನು ಕಂಡಿದ್ದ ಆ ಯುವಕರು, ಮಗುವಿನ ಕೈಯಿಂದ ಮತ್ತೆ ಮೊದಲು ಮಾಡೋಣವೆಂದು ಹೊರಟರು.

ಈಗ ನಾನು ಹೇಳಹೊರಟ ಪ್ರಸಂಗ. ೧೯೪೯ರಲ್ಲಿ ಆಂಸ್ಟರ್‌ಡ್ಯಾಂ ಪುರಭವನದ ಉಪಾಹಾರ ಗೃಹದ ಗೋಡೆಗೆ ಚಿತ್ರ ಬರೆಯುವ ಕೆಲಸ ಆಪೆಲನಿಗೆ ಬಂದಿತು. ಅವನು ‘ಪ್ರಶ್ನಿಸುವ ಮಕ್ಕಳು’ ಎಂಬ ಚಿತ್ರ ಬರೆದನು. ಯುದ್ಧಾನಂತರ ಜರ್ಮನಿಯಲ್ಲಿ ರೈಲಿನಲ್ಲಿ ಹೋಗುವಾಗ ನಿಲ್ದಾಣಗಳಲ್ಲಿ ಅನ್ನಕ್ಕಾಗಿ ಕೈಯೊಡ್ಡಿ ನಿಂತಿದ್ದ ಮಕ್ಕಳನ್ನು ಅವನು ಕಂಡಿದ್ದನು. ಆ ಮಕ್ಕಳೇ ಇವರು. ಬಣ್ಣಗಳು ಆಟದ ಸಾಮಾನಿನ ಬಣ್ಣಗಳು. ಕಣ್ಣುಗಳು ಮಾತ್ರ ನೋಡುವವನನ್ನೇ ನೋಡುತ್ತವೆ. ನಗರಸಭೆಯ ನೌಕರರು ಗೊಣಗಿದರು. ಊಟ ಮಾಡುವಾಗ ಇಂಥ ಚಿತ್ರ ಎದುರಿಗಿರಬಾರದೆಂದರು. ಗದ್ದಲ ಹೆಚ್ಚಿ ಕೊನೆಗೆ ಚಿತ್ರದ ಮೇಲೆ ಹೊದಿಕೆ ಬಿದ್ದಿತು. ಸುಮಾರು ಹತ್ತು ವರ್ಷ ಅದು ಮುಚ್ಚಿಯೇ ಇದ್ದಿತು. ಅಷ್ಟರಲ್ಲಿ ಆಪೆಲ್ ಪ್ಯಾರಿಸಿಗೆ ಹೋಗಿ ಹೆಸರು ಗಳಿಸಿದ್ದನು. ೧೯೬೦ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಸ್ಥೆಯ ಅಂತರರಾಷ್ಟ್ರೀಯ ಬಹುಮಾನವೂ ಅವನಿಗೆ ಬಂದಿತು. ಆ ಪುರಭವನ ಇಂದು ಹೋಟೆಲಾಗಿದೆ. ಮುಚ್ಚಿಟ್ಟಿದ್ದ ಗೋಡೆ ಈಗ ಅದರ ಹೆಮ್ಮೆ.

ಆಟದ ಬಣ್ಣಕ್ಕೆ ಗಂಭೀರವಾದುದನ್ನು ಹೇಳುವ ಶಕ್ತಿಯಿಲ್ಲವೆನ್ನುವವರು ಈ ಪ್ರಸಂಗವನ್ನು ಯೋಚಿಸಬೇಕು. ಅದು ಬರಿಯ ಮಕ್ಕಳಾಟವಾಗಿದ್ದರೆ ಯಾರಿಗೂ ಅನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿರಲಿಲ್ಲ. ಹಸಿವನ್ನು ಬೂದುಬಣ್ಣದಲ್ಲಿ ಬರೆದಿದ್ದರೆ ನೌಕರರು ಅಯ್ಯೋ ಪಾಪ ಎಂದು ಕಾಫಿ ಕುಡಿದು ಎದ್ದುಹೋಗುತ್ತಿದ್ದರೋ ಏನೋ. ಗೊಂಬೆಯ ಬಣ್ಣದಲ್ಲಿ ಬರೆದದ್ದರಿಂದಲೇ ಅದು ಚುಚ್ಚಿತು.

ಇದು ದೂರದ ದೇಶದ ಕಥೆಯಾಯಿತು, ನಮಗೇನು ಎಂದು ಕೆಲವರು ಕೇಳಬಹುದು. ಅಂಥವರನ್ನು ನಾನು ಶಿರಾ ರಸ್ತೆಯ ಸೀಬಿಗೆ ಕರೆಯುತ್ತೇನೆ. ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಸೀಬಿ ನರಸಿಂಹಸ್ವಾಮಿ ದೇವಾಲಯದ ಮುಂದೆ ನಮ್ಮಲ್ಲಿ ಎಷ್ಟೋ ಮಂದಿ ಬಸ್ಸಿನಲ್ಲಿ ಹಾದುಹೋಗಿದ್ದೇವೆ; ಇಳಿದು ನೋಡಿದವರು ಎಷ್ಟು ಮಂದಿ? ಅಲ್ಲಿಯ ಸ್ಥಳಪುರಾಣವೇ ಬಣ್ಣದಿಂದ ಆರಂಭವಾಗುತ್ತದೆ. ಹೇರೆತ್ತಿನ ಮೇಲೆ ಧಾನ್ಯ ಹೇರಿಕೊಂಡು ಹೋಗುತ್ತಿದ್ದ ವರ್ತಕನೊಬ್ಬನು ಅಲ್ಲಿ ತಂಗಿ ಅಡಿಗೆಗಿಟ್ಟಾಗ, ಪಾತ್ರೆ ತಗುಲಿದ ಕಲ್ಲಿನ ಮಹಿಮೆಯಿಂದ ಬೇಯುತ್ತಿದ್ದ ಧಾನ್ಯ ರಕ್ತದಂತೆ ಕೆಂಪಾಯಿತಂತೆ. ಆ ಕಲ್ಲಿನಲ್ಲಿ ನರಸಿಂಹನ ಸಾನ್ನಿಧ್ಯವಿತ್ತೆಂದು ಕನಸಿನಲ್ಲಿ ತಿಳಿಯಿತಂತೆ. ಇಂದಿನ ದೇವಾಲಯವನ್ನು ಕಟ್ಟಿಸಿದವರು ಟಿಪ್ಪು ಸುಲ್ತಾನನ ಕಾಲದಲ್ಲಿ ಅಧಿಕಾರದಲ್ಲಿದ್ದ ಕಚೇರಿ ಕೃಷ್ಣಪ್ಪನ ಮಕ್ಕಳು, ನಲ್ಲಪ್ಪ ಮತ್ತು ಅವನ ಸೋದರರು.

ಮುಖಮಂಟಪದಲ್ಲಿ ನಿಂತು ತಲೆಯೆತ್ತಿದರೆ ಮಾಳಿಗೆಯ ತುಂಬ ಚಿತ್ರಗಳು. ರಾಮಾಯಣ ಭಾಗವತಗಳ ಪ್ರಸಂಗಗಳೂ ಇವೆ, ದರ್ಬಾರಿನ ದೃಶ್ಯಗಳೂ ಇವೆ. ಹೈದರ್, ಟಿಪ್ಪು, ಮುಮ್ಮಡಿ ಕೃಷ್ಣರಾಜ ಒಡೆಯರು ಇವರ ಆಸ್ಥಾನಗಳನ್ನು ತಿಳಿದವರು ಅಲ್ಲಿ ಗುರುತಿಸುತ್ತಾರೆ. ದೇವರೂ ದೊರೆಯೂ ಒಂದೇ ಮಾಳಿಗೆಯ ಕೆಳಗೆ, ಒಂದೇ ಕೆಂಪು ಒಂದೇ ಹಸಿರಿನಲ್ಲಿ ಕುಳಿತಿದ್ದಾರೆ. ಬರೆದವನಿಗೆ ಎಲ್ಲರೂ ಬಣ್ಣ ತುಂಬಬೇಕಾದ ರೇಖೆಗಳೇ. ಕಟ್ಟಿಸಿದವರ ಹೆಸರನ್ನು ನಾವು ಬಲ್ಲೆವು. ಏಣಿಯೇರಿ, ಕತ್ತು ನೋಯುವಂತೆ ಮೇಲೆ ನೋಡುತ್ತ, ಮುಖದ ಮೇಲೆ ಬಣ್ಣ ತೊಟ್ಟಿಕ್ಕಿಸಿಕೊಂಡು ಬರೆದವರ ಹೆಸರನ್ನು ನಮ್ಮೂರುಗಳಲ್ಲಿ ಯಾರೂ ಹೇಳರು.

ಇನ್ನೊಂದು ದಿಕ್ಕಿಗೆ, ಮಧುಗಿರಿ ಪಾವಗಡಗಳ ಗಡಿಯಾಚೆ ಹಿಂದೂಪುರದ ಹತ್ತಿರ ಲೇಪಾಕ್ಷಿಯಿದೆ. ಹದಿನಾರನೆಯ ಶತಮಾನದಲ್ಲಿ, ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ವಿರೂಪಣ್ಣ ವೀರಣ್ಣ ಎಂಬ ಸೋದರರು ಕಟ್ಟಿಸಿದ ವೀರಭದ್ರ ದೇವಾಲಯ ಅದು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು, ಹಳದಿ ಮಣ್ಣು, ಮಸಿ, ಸುಣ್ಣ, ಇಂಥ ಹತ್ತಿರದ ಸಾಮಗ್ರಿಗಳಿಂದಲೇ ಅಲ್ಲಿಯ ಮಾಳಿಗೆ ಹಬ್ಬ ಮಾಡಿದೆ. ಆ ಚಿತ್ರಗಳಲ್ಲಿ ಹೆಂಗಸರು ಉಟ್ಟಿರುವ ಸೀರೆಗಳ ಅಂಚನ್ನು ನೋಡಿ ಇಂದಿನ ನೇಕಾರರು ಮಾದರಿ ತೆಗೆದುಕೊಳ್ಳುತ್ತಾರೆ. ನಮ್ಮ ನೆಲ ಬರದ ನೆಲ, ಇಲ್ಲಿ ಬಣ್ಣವೆಲ್ಲಿ ಎನ್ನುವವರಿಗೆ ಈ ಎರಡು ಮಾಳಿಗೆಗಳೇ ಉತ್ತರ. ಮಳೆ ಕಡಮೆಯಾದ ನಾಡಿನಲ್ಲಿ ಜನ ಬಣ್ಣವನ್ನು ತಲೆಯ ಮೇಲೆ ಹೊದ್ದುಕೊಂಡಿದ್ದಾರೆ. ಹೊರಗೂ ಬಣ್ಣವಿಲ್ಲವೆಂದಲ್ಲ. ಬೇಲಿಯ ತಂಗಡಿ ಹೂವಿನ ಹಳದಿ, ಬೇಸಗೆಯ ಮುತ್ತುಗದ ಕೆಂಪು, ಸಂಜೆಯ ಬಿಸಿಲಿನಲ್ಲಿ ಮಧುಗಿರಿಯ ಏಕಶಿಲಾ ಬೆಟ್ಟ ತಾಳುವ ತಾಮ್ರದ ಬಣ್ಣ, ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಿಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಯ ಗುಲಾಬಿ ಗರಿ, ಇವನ್ನು ನೋಡಲು ಕಾಸು ಕೊಡಬೇಕಾಗಿಲ್ಲ. ಕಣ್ಣು ಕೊಡಬೇಕು.

ಸೀಬಿಯ ಹೆಸರಿಲ್ಲದ ಚಿತ್ರಕಾರನಿಂದ ಹೆಸರುಳ್ಳ ಒಬ್ಬರ ಬಳಿಗೆ ಬರುತ್ತೇನೆ. ನಮ್ಮ ನೆರೆಯ ದೊಡ್ಡಬಳ್ಳಾಪುರದಲ್ಲಿ ೧೯೧೦ರಲ್ಲಿ ಹುಟ್ಟಿದ ರುಮಾಲೆ ಚೆನ್ನಬಸವಯ್ಯನವರು ಇಂದಿನ ವಿದ್ಯಾರ್ಥಿಗಳಿಗೆ ಅಷ್ಟಾಗಿ ಪರಿಚಿತರಲ್ಲ. ಬೆಂಗಳೂರಿನಲ್ಲಿ ಎ. ಎನ್. ಸುಬ್ಬರಾಯರ ಕಲಾಮಂದಿರದಲ್ಲಿಯೂ, ಅನಂತರ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಶಾಲೆಯಲ್ಲಿಯೂ ಅವರು ಕಲಿತರು. ಅಷ್ಟರಲ್ಲಿ ದೇಶ ಕರೆಯಿತು. ಅವರು ಗಾಂಧೀಜಿಯ ದಾರಿ ಹಿಡಿದು ಸ್ವಾತಂತ್ರ್ಯ ಚಳವಳಿಗೆ ಇಳಿದರು, ಸೆರೆಮನೆ ಕಂಡರು. ಕುಂಚ ಮೂಲೆ ಸೇರಿತು. ಸ್ವಾತಂತ್ರ್ಯ ಬಂದ ಮೇಲೂ ಸಾರ್ವಜನಿಕ ಕೆಲಸಗಳು ಅವರನ್ನು ಬಿಡಲಿಲ್ಲ. ೧೯೬೦ರ ದಶಕದ ಆರಂಭದಲ್ಲಿ, ವಯಸ್ಸು ಐವತ್ತು ದಾಟಿದ ಮೇಲೆ, ಅವರು ಮರಳಿ ಕುಂಚ ಹಿಡಿದರು. ೧೯೮೮ರಲ್ಲಿ ತೀರಿಕೊಳ್ಳುವವರೆಗೆ, ಸುಮಾರು ಇಪ್ಪತ್ತೈದು ವರ್ಷ, ಅದನ್ನು ಕೆಳಗಿಡಲಿಲ್ಲ.

ಅಷ್ಟು ದೀರ್ಘವಾದ ಮೌನದ ಮೇಲೆ ಅವರು ಏನನ್ನು ಬರೆದರು? ಸೆರೆಮನೆಯನ್ನಲ್ಲ, ಸಭೆಗಳನ್ನಲ್ಲ, ಹೂ ಬಿಟ್ಟ ಮರಗಳನ್ನು. ಬೆಂಗಳೂರಿನ ಬೀದಿಗಳಲ್ಲಿ, ಉದ್ಯಾನಗಳಲ್ಲಿ ಬಯಲಿನಲ್ಲೇ ನಿಂತು, ಗುಲ್‌ಮೊಹರ್ ಕೆಂಪಾದ ದಿನ ಕೆಂಪನ್ನೂ, ಜಕರಾಂಡ ನೇರಳೆಯಾದ ದಿನ ನೇರಳೆಯನ್ನೂ ಹಿಡಿದರು. ನಮ್ಮ ಅಧ್ಯಾಪಕರೊಬ್ಬರು ಎರವಲು ಕೊಟ್ಟ ಪುಸ್ತಕವೊಂದರಲ್ಲಿ ಅವರ ಚಿತ್ರಗಳ ಅಚ್ಚುಗಳನ್ನು ನೋಡಿದೆ. ಬಣ್ಣ ತೆಳ್ಳಗೆ ಹರಡಿಲ್ಲ. ಹೂಗಳು ರಾಶಿ ರಾಶಿಯಾಗಿ ಬಿದ್ದಿವೆ. ರಸ್ತೆ ಕೂಡ ಬೂದಿಯಾಗಿಲ್ಲ. ನೆರಳು ಕಪ್ಪಲ್ಲ, ನೀಲಿ. ಬಲ್ಲವರು ಅವರನ್ನು ಮತ್ತೊಬ್ಬ ಡಚ್ ಚಿತ್ರಕಾರ ವ್ಯಾನ್ ಗಾಗ್‌ನೊಂದಿಗೆ ಹೋಲಿಸುವುದುಂಟು. ಹೋಲಿಕೆ ಬಣ್ಣದ ಮಟ್ಟಿಗೆ ಸರಿಯಾದೀತು, ಬಾಳಿನ ಮಟ್ಟಿಗೆ ಅಲ್ಲ. ವ್ಯಾನ್ ಗಾಗ್ ಚಿತ್ರ ಬರೆದದ್ದು ಹತ್ತೇ ವರ್ಷ. ೧೮೯೦ರಲ್ಲಿ ಮೂವತ್ತೇಳನೆಯ ವಯಸ್ಸಿಗೆ ತೀರಿಕೊಂಡನು. ಅವನಿಗೆ ತಿಂಗಳು ತಿಂಗಳೂ ಹಣ ಕಳುಹಿಸಲು ಥಿಯೋ ಎಂಬ ತಮ್ಮನಿದ್ದನು. ನಮ್ಮಲ್ಲಿ ತಮ್ಮಂದಿರು ಹಣ ಕಳುಹಿಸುವುದಿಲ್ಲ. ಅಣ್ಣನು ಕಳುಹಿಸಲೆಂದು ಕಾಯುತ್ತಿರುತ್ತಾರೆ.

ಇಲ್ಲಿ ನನ್ನ ಎದುರಾಳಿಗಳು ಎದ್ದು ನಿಲ್ಲುವುದು ಸಹಜ. “ನೀನೇ ಹೇಳಿದೆಯಲ್ಲ, ರುಮಾಲೆಯವರು ಮೊದಲು ಕರ್ತವ್ಯ ಮಾಡಿದರು, ಆಮೇಲೆ ಬಣ್ಣಕ್ಕೆ ಬಂದರು. ನೀವೂ ಹಾಗೆಯೇ ಮಾಡಿ. ಮೊದಲು ಬಿ.ಎಡ್. ಆಗಲಿ, ಕೆಲಸ ಸಿಗಲಿ, ಸಾಲ ತೀರಲಿ, ತಂಗಿಯ ಮದುವೆಯಾಗಲಿ; ಐವತ್ತಕ್ಕೆ ಬಣ್ಣ ಹಚ್ಚಬಹುದು.” ಈ ವಾದವನ್ನು ನಾನು ತಿರಸ್ಕರಿಸಲಾರೆ. ಇದನ್ನು ಹೇಳುವವರಲ್ಲಿ ನನ್ನ ತಂದೆಯೂ ಒಬ್ಬರು. ಅವರ ಅಂಗೈಯ ಬೊಬ್ಬೆಗಳನ್ನು ನಾನು ನೋಡಿದ್ದೇನೆ. ಅನ್ನವನ್ನು ಕೀಳಾಗಿ ಕಾಣುವವನು ಕಲೆಯ ಬಗೆಗೆ ಮಾತನಾಡಲು ಅರ್ಹನಲ್ಲ.

ಆದರೆ ಈ ವಾದದಲ್ಲಿ ಒಂದು ಬಿರುಕಿದೆ. ಮರಳಿ ಬರಬೇಕಾದರೆ ಮೊದಲು ಒಮ್ಮೆ ಅಲ್ಲಿಗೆ ಹೋಗಿರಬೇಕು. ರುಮಾಲೆಯವರು ಐವತ್ತರಲ್ಲಿ ಮರಳಿ ಬಂದದ್ದು ಇಪ್ಪತ್ತರ ಹರೆಯದಲ್ಲಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಯಾರೋ ಅವರ ಕೈಗೆ ಕುಂಚ ಕೊಟ್ಟು ಕೂರಿಸಿದ್ದರಿಂದ. ಬೀಜ ನೆಲದಲ್ಲಿತ್ತು, ಮಳೆ ತಡವಾಗಿ ಬಂದರೂ ಮೊಳೆಯಿತು. ನಮ್ಮ ಕಡೆಯ ರೈತರಿಗೆ ಇದು ಚೆನ್ನಾಗಿ ಗೊತ್ತು. ಮಳೆ ತಡವಾಯಿತೆಂದು ಕಾಯಬಹುದು; ಬಿತ್ತದೆಯೇ ಕಾಯುವವರುಂಟೆ? ಇಪ್ಪತ್ತರಲ್ಲಿ ಬಣ್ಣವನ್ನೇ ಮುಟ್ಟದವನಿಗೆ ಐವತ್ತರಲ್ಲಿ ಬಿಡುವು ಸಿಗಬಹುದು, ಬಣ್ಣ ಸಿಗುವುದಿಲ್ಲ. ನಮ್ಮ ಜಿಲ್ಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಚಿತ್ರಕಾರನಾಗಬೇಕೆಂದು ನಾನು ಕೇಳುತ್ತಿಲ್ಲ. ಬಿತ್ತನೆ ಮಾತ್ರ ಆಗಲಿ ಎನ್ನುತ್ತೇನೆ.

ಮತ್ತೊಂದು ಆಕ್ಷೇಪವೂ ಉಂಟು: ಚಿತ್ರ ಬೇಕಾದವರು ಚಿತ್ರಕಲಾ ಶಾಲೆಗೆ ಹೋಗಲಿ, ಅದು ಕಲಾ ಕಾಲೇಜಿನ ಕೆಲಸವಲ್ಲ. ಅಂಥ ಶಾಲೆಗಳು ಇವೆ, ನಿಜ. ರುಮಾಲೆಯವರು ಕಲಿತ ಮೈಸೂರಿನ ಆ ಶಾಲೆಯ ಪರಂಪರೆಯಲ್ಲಿ ಇಂದು ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಹುಟ್ಟಿ, ಮುಂದೆ ಮುಂಬಯಿಗೂ ಪ್ಯಾರಿಸಿಗೂ ಹೋಗಿ ಕಲಿತ ಕೆ. ಕೆ. ಹೆಬ್ಬಾರರೂ ಆ ಮೈಸೂರಿನ ಶಾಲೆಯ ಅನ್ನ ಉಂಡವರೇ. ಆದರೆ ಹೆಬ್ಬಾರರ ತಂದೆ ಗಣಪತಿಯ ವಿಗ್ರಹ ಮಾಡುತ್ತಿದ್ದವರು; ಜೇಡಿಮಣ್ಣಿನ ವಾಸನೆ ಮಗನಿಗೆ ಮನೆಯಲ್ಲೇ ಸಿಕ್ಕಿತ್ತು. ಮನೆಯಲ್ಲಿಯೂ ಸಿಗದೆ, ಶಾಲೆಯಲ್ಲಿಯೂ ಸಿಗದೆ, ಕಾಲೇಜಿನಲ್ಲಿಯೂ ಸಿಗದೆ ಹೋದರೆ, ಮೈಸೂರಿನಲ್ಲಿ ಅಂಥ ಬಾಗಿಲೊಂದಿದೆಯೆಂಬುದು ಪಾವಗಡದ ಹಳ್ಳಿಯ ಹುಡುಗಿಗೆ ತಿಳಿಯುವುದಾದರೂ ಹೇಗೆ? ಅವಳ ಊರಿನ ಪಕ್ಕದಲ್ಲಿ ತಿರುಮಣಿಯ ಸುತ್ತ ೨೦೫೦ ಮೆಗಾವಾಟ್ ವಿದ್ಯುತ್ತಿನ ಸೌರ ಫಲಕಗಳು ಸಾಲುಸಾಲಾಗಿ ಹಬ್ಬಿವೆ. ಬಿಸಿಲಿನಿಂದ ಬೆಳಕು ತೆಗೆಯುವುದನ್ನು ನಾವು ಕಲಿತೆವು. ಅದೇ ಬಿಸಿಲಿನಲ್ಲಿ ಬಣ್ಣ ನೋಡುವುದನ್ನು ಕಲಿಸುವವರು ಮಾತ್ರ ಇಲ್ಲ.

ಟೀಕೆ ಮಾಡುವುದು ಸುಲಭ, ದಾರಿ ತೋರಿಸು ಎಂದರೆ ನನ್ನ ಸೂಚನೆಗಳು ನಾಲ್ಕೇ. ಒಂದು: ಶನ್ನಿವಾರ ಮಧ್ಯಾಹ್ನ ಖಾಲಿಯಿರುವ ಒಂದು ಕೊಠಡಿಯನ್ನು ಎರಡು ಗಂಟೆ ಚಿತ್ರ ಬರೆಯುವವರಿಗೆ ಬಿಟ್ಟುಕೊಡಬೇಕು. ಅಂಕ ಬೇಡ, ಪರೀಕ್ಷೆ ಬೇಡ. ಪರೀಕ್ಷೆ ಬಂದರೆ ಆಟ ಓಡಿಹೋಗುತ್ತದೆ. ಎರಡು: ಪ್ರವಾಸವೆಂದರೆ ದೂರದ ಊರುಗಳೇ ಆಗಬೇಕಾಗಿಲ್ಲ, ವರ್ಷಕ್ಕೊಮ್ಮೆ ಸೀಬಿಗೂ ಲೇಪಾಕ್ಷಿಗೂ ಇತಿಹಾಸದ ಅಧ್ಯಾಪಕರೊಡನೆ ಹೋಗಿ ಬರಬೇಕು. ಮೂರು: ವಾರ್ಷಿಕೋತ್ಸವದ ವೇದಿಕೆಯ ಹಿಂದೆ ಫ್ಲೆಕ್ಸ್ ಕಟ್ಟುವುದನ್ನು ನಿಲ್ಲಿಸಿ, ಬಟ್ಟೆಯ ಮೇಲೆ ವಿದ್ಯಾರ್ಥಿಗಳೇ ಬರೆಯಬೇಕು, ಕಲಿಸಲು ನಮ್ಮ ಊರುಗಳಲ್ಲಿ ಕೆಲಸವಿಲ್ಲದೆ ಕುಳಿತ ಬೋರ್ಡು ಬರೆಯುವವರಿದ್ದಾರೆ, ಅವರನ್ನು ಗೌರವದಿಂದ ಕರೆಯಬೇಕು, ಕೂಲಿಯನ್ನೂ ಕೊಡಬೇಕು. ನಾಲ್ಕು: ಅಂತಿಮ ವರ್ಷದವರಿಗೆ ಕಾಲೇಜಿನ ಒಂದು ಗೋಡೆಯನ್ನು ಕೊಡಬೇಕು. ಅವರು ಅದರ ಮೇಲೆ ಬರೆದು ಹೋಗಲಿ. ಮುಂದಿನ ವರ್ಷದವರು ಸುಣ್ಣ ಬಳಿದು ತಮ್ಮದನ್ನು ಬರೆಯಲಿ. ಇವಕ್ಕೆ ಹೆಚ್ಚು ಖರ್ಚಿಲ್ಲ. ಸುಣ್ಣ ಅಂಗಡಿಯಲ್ಲಿದೆ, ಕೆಮ್ಮಣ್ಣು ಕಾಲಡಿಯಲ್ಲಿದೆ.

ಗೋಡೆಯ ಮಾತು ಬಂದುದರಿಂದ ಒಂದು ನೋವನ್ನೂ ಹೇಳಬೇಕು. ನನ್ನ ಅಜ್ಜಿಯ ಊರಿನ ಪುಟ್ಟ ಗುಡಿಯೊಂದರ ಒಳಗೋಡೆಯಲ್ಲಿ ಹಳೆಯ ಚಿತ್ರಗಳಿದ್ದವು. ಚಿಕ್ಕಂದಿನಲ್ಲಿ ನಾನು ಅಲ್ಲಿ ಹುಲಿಯೊಂದನ್ನು ನೋಡುತ್ತ ಕುಳಿತಿರುತ್ತಿದ್ದೆ; ಬರೆದವನು ಹುಲಿಯನ್ನು ಎಂದೂ ಕಂಡಿರಲಾರ, ಅದರ ಮುಖದಲ್ಲಿ ಬೆಕ್ಕಿನ ನಗೆಯಿತ್ತು. ಕೆಲವು ವರ್ಷಗಳ ಹಿಂದೆ ಗುಡಿಯ ಜೀರ್ಣೋದ್ಧಾರವಾಯಿತು. ಗೋಡೆಗೆ ನುಣುಪಾದ ಟೈಲ್ಸ್ ಬಂದಿತು. ಊರವರು ಭಕ್ತಿಯಿಂದಲೇ ಮಾಡಿದರು, ಯಾರನ್ನೂ ದೂರುವಂತಿಲ್ಲ. ಹುಲಿ ಮಾತ್ರ ಹೋಯಿತು. ಆಂಸ್ಟರ್‌ಡ್ಯಾಮಿನವರಿಗೆ ತಾವು ಮುಚ್ಚಿದ್ದೇನೆಂಬುದು ಗೊತ್ತಿತ್ತು. ಆದುದರಿಂದ ಹತ್ತು ವರ್ಷದ ಮೇಲಾದರೂ ತೆರೆದರು. ನಾವು ಏನನ್ನು ಮುಚ್ಚುತ್ತಿದ್ದೇವೆಂದು ತಿಳಿಯದೆಯೇ ಮುಚ್ಚುತ್ತೇವೆ. ತಿಳಿಯುವಂತೆ ಮಾಡುವುದು ವಿದ್ಯೆಯ ಕೆಲಸವಲ್ಲವೆ? ಅದಕ್ಕಲ್ಲವೆ ನಮ್ಮನ್ನು ಕಾಲೇಜಿಗೆ ಕಳುಹಿಸಿರುವುದು?

ಕಳೆದ ದಸರೆಯ ರಜೆಯಲ್ಲಿ ತಂದೆಯನ್ನು ಸೀಬಿಗೆ ಕರೆದುಕೊಂಡು ಹೋದೆ. ದೇವರ ದರ್ಶನಕ್ಕೆಂದು ಹೇಳಿದ್ದರಿಂದ ಬಂದರು. ಮುಖಮಂಟಪದಲ್ಲಿ ನಾನು ಮೇಲೆ ನೋಡಿದೆ, ಅವರೂ ನೋಡಿದರು. ಸ್ವಲ್ಪ ಹೊತ್ತು ನಿಂತು, ಆಮೇಲೆ ಹೆಗಲ ಟವಲನ್ನು ನೆಲಕ್ಕೆ ಹಾಸಿ ಅದರ ಮೇಲೆ ಅಂಗಾತ ಮಲಗಿದರು. ನನಗೆ ನಾಚಿಕೆಯಾಯಿತು, ಬಂದುಹೋಗುವ ಭಕ್ತರು ನೋಡುತ್ತಿದ್ದರು. ಅವರು ಯಾರನ್ನೂ ಗಮನಿಸಲಿಲ್ಲ. ಬೆರಳೊಂದನ್ನು ಗಾಳಿಯಲ್ಲಿ ಆಡಿಸುತ್ತ ಕುದುರೆಯೊಂದರ ಬೆನ್ನಿನ ರೇಖೆಯನ್ನು ಹಿಂಬಾಲಿಸುತ್ತಿದ್ದರು. ಕೊನೆಗೆ, “ಈ ಕೈ ಎಲ್ಲೂ ನಿಂತಿಲ್ಲ ನೋಡು. ಒಂದೇ ಎಳೆತ” ಎಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, “ಇವನಿಗೆ ಎಷ್ಟು ಕೂಲಿ ಕೊಟ್ಟಿರ್ತಾರೋ” ಎಂದರು.

ಈ ಎರಡು ಮಾತುಗಳಲ್ಲಿ ನನ್ನ ಲೇಖನವೆಲ್ಲ ಅಡಗಿದೆಯೆಂದು ನನಗೆ ಅನ್ನಿಸುತ್ತದೆ. ಎಳೆತವನ್ನು ನೋಡುವ ಕಣ್ಣೂ ಬೇಕು, ಕೂಲಿಯನ್ನು ಕೇಳುವ ಮನಸ್ಸೂ ಬೇಕು. ಮೊದಲನೆಯದನ್ನು ಮಾತ್ರ ಕಲಿಸಿದರೆ ಕಲೆ ಉಳ್ಳವರ ವಿನೋದವಾಗುತ್ತದೆ; ಎರಡನೆಯದನ್ನು ಮಾತ್ರ ಕಲಿಸಿದರೆ ಬಾಳು ರೋಲರಿನ ಬಳಿತವಾಗುತ್ತದೆ. ನಾನು ಮುಂದೆ ಬಿ.ಎಡ್.ಗೆ ಹೋಗುವೆನೋ ಮೈಸೂರಿಗೆ ಹೋಗುವೆನೋ ಇನ್ನೂ ನಿಶ್ಚಯವಾಗಿಲ್ಲ. ಎರಡು ಅರ್ಜಿಗಳೂ ಮನೆಯ ಗೂಡಿನಲ್ಲಿವೆ. ಒಂದನ್ನು ತಂದೆ ತಂದದ್ದು, ಮತ್ತೊಂದನ್ನು ನಾನು. ಸೀಬಿಯಿಂದ ಬಂದ ಮೇಲೆ ಅವರು ಎರಡನೆಯದನ್ನು ಗೂಡಿನಿಂದ ತೆಗೆದು ಎಸೆದಿಲ್ಲವೆಂಬುದಷ್ಟೇ ಸದ್ಯದ ಸಮಾಚಾರ. ಮೇಷ್ಟ್ರೇ ಆದರೂ, ನಾನು ಹೋಗುವ ಶಾಲೆಯ ಒಂದು ಗೋಡೆಯನ್ನು ಮಕ್ಕಳಿಗೆ ಬಿಟ್ಟುಕೊಡುವೆನೆಂದು ಇಲ್ಲಿ ಬರೆದಿಟ್ಟಿದ್ದೇನೆ, ಮಿತ್ರರು ಸಾಕ್ಷಿ.

ಕಾಲೇಜಿನ ಹಿರಿಯರು ಈ ಸೂಚನೆಗಳಲ್ಲಿ ಒಂದನ್ನಾದರೂ ಪರಿಶೀಲಿಸುವರೆಂದು ನಂಬಿದ್ದೇನೆ. ಮುಂದೆ ಎಂದಾದರೊಮ್ಮೆ ಈ ಬಾಗಿಲ ಬಳಿ ಬಂದಾಗ, ‘ಕಲಾ ಕಾಲೇಜು’ ಎಂಬ ಹಲಗೆಯನ್ನು ಓದಿ ಯಾರೂ ನಗದಿರಲಿ.